ಗಣಕಯಂತ್ರದ ಮುಂದಿನ ಆಸನ

ಶಾಲೆಗೆ ಗಣಕಯಂತ್ರವನ್ನು ದಾನವೀಯುವವರುಂಟು. ಅದರ ಮುಂದಿಡುವ ಕುರ್ಚಿಯನ್ನು ನೆನೆಯುವವರು ವಿರಳ. ಸಾಮಾನ್ಯ ಮೇಜಿನ ಎತ್ತರ ಸುಮಾರು 75 ಸೆಂಟಿಮೀಟರು. ಇದು ಪ್ರೌಢರ ಅಳತೆ. ಹತ್ತು ವರ್ಷದ ಬಾಲಕನು ಅಲ್ಲಿ ಕುಳಿತರೆ ಭುಜಗಳು ಮೇಲೇಳುತ್ತವೆ. ಕುರ್ಚಿಯನ್ನು ಎತ್ತರಿಸಿದರೆ ಕಾಲುಗಳು ತೂಗಾಡಿ ತೊಡೆಯಡಿ ಒತ್ತುತ್ತದೆ. ಆದುದರಿಂದ ಎತ್ತರ ಹೊಂದಿಸಬಹುದಾದ, ಸೊಂಟಕ್ಕೆ ಆಸರೆಯುಳ್ಳ ಕುರ್ಚಿಯೇ ಯೋಗ್ಯ. ಮೆತ್ತೆಯ ದಪ್ಪ ಗೌಣ. ಮೊಳಕೈ ಕೀಲಿಮಣೆಯ ಮಟ್ಟಕ್ಕೆ ಬರುವಂತೆ ಅದನ್ನೇರಿಸಿ, ಪಾದಗಳಡಿ ಕಾಲುಮಣೆಯೊಂದನ್ನಿಡಬೇಕು. ಅದಕ್ಕೇನು ಮಹಾ ವೆಚ್ಚ!

1964ರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟರ ಕಲ್ಪನೆಯಂತೆ ರೂಪುಗೊಂಡ ಮೊದಲ ಮೌಸು ಮರದ ಪೆಟ್ಟಿಗೆಯಂತಿತ್ತು. ಇಂದು ನಾನಾ ಗಾತ್ರದವು ದೊರೆಯುತ್ತವೆ. ಅಂಗೈಗೊಪ್ಪುವುದನ್ನೇ ಆರಿಸಿ, ಕೀಲಿಮಣೆಯ ಮಗ್ಗುಲಲ್ಲಿ ಅದೇ ಮಟ್ಟಕ್ಕಿರಿಸಬೇಕು. ದೂರವಿಟ್ಟರೆ ತೋಳು ಚಾಚಿ ಭುಜ ನೋಯುತ್ತದೆ. ಎಡಗೈ ರೂಢಿಯುಳ್ಳವನಿಗೆ ಅದು ಎಡಗಡೆಯಿರಲಿ. ಗುಂಡಿಗಳನ್ನು ಅದಲುಬದಲು ಮಾಡುವ ಸೌಲಭ್ಯ ಗಣಕದಲ್ಲಿಯೇ ಇದೆ.