ಮಧ್ಯಾಹ್ನ ಮೂರು ಗಂಟೆಯ ಸಭೆ

ಮುಂಬಯಿಯಲ್ಲಿ ಕಾರ್ಯಕ್ರಮ ಮಾಡುವವರಿಗೆ ಗೊತ್ತು: ಭಾಷಣಕಾರರು ಸಿಗುತ್ತಾರೆ, ಹಾಲ್ ಸಿಗುವುದಿಲ್ಲ. ನಾನು ಇಲ್ಲಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ಕಾರ್ಮಿಕ ಇತಿಹಾಸದ ಸಮ್ಮೇಳನವೊಂದರ ಅಂಗವಾಗಿ ಒಂದು ಸಾರ್ವಜನಿಕ ಸಭೆ ನಡೆಸುವ ಹೊಣೆ ಹೋದ ವರ್ಷ ನನ್ನ ಪಾಲಿಗೆ ಬಂತು. ಜಾಗ ಗೊತ್ತುಮಾಡಬೇಕು, ಜೊತೆಗೆ ಯಾರನ್ನು ಸೇರಿಸಿಕೊಳ್ಳುವುದೆಂದು ತೀರ್ಮಾನಿಸಬೇಕು. ಎರಡು ವಾರದ ಕೆಲಸ ಅಂದುಕೊಂಡೆ. ಮೂರು ತಿಂಗಳು ಹಿಡಿಯಿತು.

ಮೊದಲು ಬಂದ ಆಹ್ವಾನವೇ ಭರ್ಜರಿಯಾಗಿತ್ತು. ಲೋವರ್ ಪರೇಲ್‌ನ ಗಾಜಿನ ಕಟ್ಟಡವೊಂದರಲ್ಲಿ, ಹದಿನಾಲ್ಕನೇ ಮಹಡಿಯ ಎಸಿ ಹಾಲ್. ಊಟ, ಚಹಾ, ಬ್ಯಾನರ್ ಎಲ್ಲ ಉಚಿತ. ಕೊಡಲು ಮುಂದೆ ಬಂದದ್ದು ಬಿಲ್ಡರ್ ಒಬ್ಬರ ಟ್ರಸ್ಟ್. ಷರತ್ತು ಒಂದೇ: ಗಿರಣಿ ಜಮೀನಿನ ವಿಷಯ ವೇದಿಕೆಯ ಮೇಲೆ ಬರಬಾರದು.

ಆದರೆ ಆ ಕಟ್ಟಡ ನಿಂತದ್ದೇ ಗಿರಣಿಯ ನೆಲದಲ್ಲಿ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತ್ ನೇತೃತ್ವದಲ್ಲಿ ಮುಂಬಯಿಯ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಲ್ಲಿ ಬಹಳ ಜನರಿಗೆ ಆ ಕೆಲಸ ಮತ್ತೆ ಸಿಗಲೇ ಇಲ್ಲ. ಮುಂದೆ ಗಿರಣಿಗಳೇ ಒಂದೊಂದಾಗಿ ಮುಚ್ಚಿದವು. 1991ರ ನಿಯಮದಂತೆ ಗಿರಣಿ ಜಮೀನು ಕೈಬದಲಿಸುವಾಗ ಸುಮಾರು ಮೂರನೇ ಒಂದು ಭಾಗ ಮೈದಾನ, ಉದ್ಯಾನಗಳಿಗೆ, ಇನ್ನೊಂದು ಭಾಗ ಸರ್ಕಾರಿ ವಸತಿಗೆ ಹೋಗಬೇಕಿತ್ತು. 2001ರಲ್ಲಿ ನಿಯಮ ಬದಲಾಗಿ, ಈ ಪಾಲು ಗಿರಣಿಯೊಳಗಿನ ಖಾಲಿ ಜಾಗಕ್ಕೆ ಮಾತ್ರ ಎಂದಾಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ಮಾತನ್ನೇ ಬಿಟ್ಟು ಪರೇಲ್‌ನಲ್ಲಿ ಕೂತು ಕಾರ್ಮಿಕ ಇತಿಹಾಸ ಹೇಳುವುದು ಹೇಗೆ? ಆದರೂ ಸುಳ್ಳು ಯಾಕೆ, ನನಗೆ ಆಸೆಯಾಗಿತ್ತು. ನಮ್ಮ ಕೈಯಲ್ಲಿದ್ದ ದುಡ್ಡು ನೂರು ಜನರ ಚಹಾಕ್ಕೂ ಸಾಲುತ್ತಿರಲಿಲ್ಲ.

ಅದೇ ಗೊಂದಲದಲ್ಲಿ ಡೊಂಬಿವಲಿಯ ದೊಡ್ಡಪ್ಪನ ಮನೆಗೆ ಹೋದೆ. ಕುಂದಾಪುರದ ಕಡೆಯಿಂದ ಹನ್ನೆರಡನೇ ವಯಸ್ಸಿಗೆ ಬಂದು, ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವರು.

"ನೀವೂ ಬಂದು ನಾಲ್ಕು ಮಾತಾಡಬೇಕು ದೊಡ್ಡಪ್ಪ" ಅಂದೆ.

"ಅಲ್ಲ ಮಾರಾಯ, ಗೇಟಿನಲ್ಲಿ ಆಧಾರ್ ಕಾರ್ಡ್ ತೋರಿಸಿ, ಫೋಟೋ ತೆಗೆಸಿಕೊಂಡು, ಮೇಲೆ ಹೋಗಿ ಇಂಗ್ಲಿಷ್ ಭಾಷಣ ಕೇಳ್ಲಿಕ್ಕೆ ನಾನ್ಯಾಕೆ ಬರ್ಲಿ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಯಾವಾಗ ಇಟ್ಟಿದ್ದಿ? ಭಾನುವಾರ ಬೆಳಿಗ್ಗೆಯಾ? ಹೋಟೆಲಿನವ ಹ್ಯಾಗೆ ಬರ್ತಾನೆ?"

ನಾನು ಸುಮ್ಮನಾದೆ. ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ 1890ರಲ್ಲಿ ಮುಂಬಯಿ ಗಿರಣಿಗಳಿಗೆ ಭಾನುವಾರದ ರಜೆ ಸಿಕ್ಕಿತು ಎಂದು ಪ್ರತಿವರ್ಷ ಪಾಠ ಮಾಡುತ್ತೇನೆ. ನಮ್ಮವರು ದುಡಿದ ಹೋಟೆಲುಗಳಿಗೆ ಭಾನುವಾರವೇ ಗಿರಾಕಿ ಜಾಸ್ತಿ ಎಂಬುದು ಹೊಳೆದಿರಲಿಲ್ಲ. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ, ಮೂರರಿಂದ ಐದರವರೆಗೆ ಮಾತ್ರ ಅವರಿಗೆ ಬಿಡುವು.

ಮುಂಬಯಿ ಕನ್ನಡಿಗರೆಂದರೆ ಹೋಟೆಲ್ ಮಾಲೀಕರು, ಬ್ಯಾಂಕಿನವರು ಎಂದು ನಾವೇ ಹೇಳಿಕೊಳ್ಳುತ್ತೇವೆ. 1949ರಲ್ಲಿ ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಜಾರ್ಜ್ ಫರ್ನಾಂಡಿಸ್ ಇಲ್ಲಿ ಟ್ಯಾಕ್ಸಿ, ಹೋಟೆಲ್ ಕೆಲಸಗಾರರನ್ನು ಸಂಘಟಿಸಿದರು, ಮುಂದೆ 1974ರ ರೈಲ್ವೆ ಮುಷ್ಕರದ ಮುಂದಾಳಾದರು. ಅವರಿಗೆ ದಾರಿ ತೋರಿದ ಬಂದರು ಕಾರ್ಮಿಕ ನಾಯಕ ಪಿ. ಡಿ'ಮೆಲ್ಲೊ ಹೆಸರಿನ ರಸ್ತೆಯಲ್ಲಿ ನಮ್ಮಲ್ಲಿ ಎಷ್ಟೋ ಜನ ದಿನಾ ಓಡಾಡುತ್ತೇವೆ. ಲೋಟ ತೊಳೆದವರೂ ನಮ್ಮವರೇ.

ಮರುದಿನ ಟ್ರಸ್ಟಿಗೆ ಕೃತಜ್ಞತೆ ತಿಳಿಸಿ, ಬೇಡವೆಂದು ಬರೆದೆ. ಪರೇಲ್‌ನ ಒಂದು ಯೂನಿಯನ್ ಕಚೇರಿಯ ನೆಲಮಹಡಿಯ ಹಾಲ್ ಸಿಕ್ಕಿತು. ಫ್ಯಾನ್ ಆರು, ಅದರಲ್ಲಿ ತಿರುಗುವುದು ನಾಲ್ಕು. ಯೂನಿಯನ್, ಒಂದು ಕಾಲೇಜು ವಿಭಾಗ, ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿಗಳು, ಹೀಗೆ ಮೂರು ಪಾಲುದಾರರು. ಅಲ್ಲೂ ಜಗ್ಗಾಟ ತಪ್ಪಲಿಲ್ಲ. ಯೂನಿಯನ್‌ನವರಿಗೆ ತಮ್ಮ ಮುಖಂಡರೇ ಮಾತಾಡಬೇಕು, ವಿಭಾಗಕ್ಕೆ ಇಂಗ್ಲಿಷ್ ಬೇಕು, ನಮ್ಮ ಕನ್ನಡಿಗರಿಗೆ ಹೋಟೆಲ್ ಮಾಲೀಕರೊಬ್ಬರಿಗೆ ಶಾಲು ಹೊದಿಸಬೇಕು. ಕೊನೆಗೆ ಎಲ್ಲರೂ ಕೂತು ಒಂದು ಹಾಳೆಯಲ್ಲಿ ಬರೆದೆವು: ಸನ್ಮಾನವಿಲ್ಲ, ಕೆಲಸ ಮಾಡಿದವರೇ ಮೊದಲು ಮಾತಾಡುವುದು, ಮರಾಠಿ, ಕನ್ನಡ, ಹಿಂದಿ ಯಾವುದಾದರೂ ಸರಿ, ವಿದ್ಯಾರ್ಥಿಗಳು ಧ್ವನಿಮುದ್ರಿಸಿ ಪ್ರತಿಯನ್ನು ಮಾತಾಡಿದವರಿಗೂ ಕೊಡುವುದು. ಚಹಾ ಖರ್ಚು ಮೂರು ಪಾಲು.

ಎಂಬತ್ತು ಕುರ್ಚಿ ಹಾಕಿದ್ದೆವು, ಸಾಲಲಿಲ್ಲ. ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ ಅಜ್ಜಿಯೊಬ್ಬರು, ಮುಷ್ಕರದ ಕಾಲದಲ್ಲಿ ಹೋಟೆಲ್ ಹುಡುಗರು ಉಳಿದ ಪಾವ್ ಕಟ್ಟಿಕೊಡುತ್ತಿದ್ದುದನ್ನು ಮರಾಠಿಯಲ್ಲಿ ಹೇಳಿದರು. ದೊಡ್ಡಪ್ಪ ತಲೆ ತಗ್ಗಿಸಿ ಕೇಳುತ್ತಿದ್ದರು. ಅವರ ಸರದಿ ಬಂದಾಗ ಗಂಟೆ ನಾಲ್ಕೂವರೆ. ಮಾತಿನ ನಡುವೆ ಹಿಂದಿನ ಸಾಲಿನ ಮೂವರು ಹುಡುಗರು ಅಳುಕುತ್ತಾ ಎದ್ದರು.

ದೊಡ್ಡಪ್ಪ ಮಾತು ನಿಲ್ಲಿಸಿದರು. "ಡ್ಯೂಟಿಗೆ ಹೊತ್ತಾಯ್ತು ಅವ್ರಿಗೆ. ಸ್ವಲ್ಪ ದಾರಿ ಬಿಡಿ" ಅಂದರು.

ಪುಣೆ, ಚೆನ್ನೈ, ಹೈದರಾಬಾದಿನಲ್ಲಿ ಸಂಘದ ಕಾರ್ಯಕ್ರಮ ಮಾಡುವ ಗೆಳೆಯರಿಗೆ ಒಂದು ಮಾತು. ಹಾಲ್‌ಗೆ ಮುಂಗಡ ಕೊಡುವ ಮೊದಲು, ಯಾರ ಬಗ್ಗೆ ಸಭೆಯೋ ಅವರನ್ನು ಒಮ್ಮೆ ಕೇಳಿ: ಎಲ್ಲಿಟ್ಟರೆ ಬರುತ್ತೀರಿ, ಎಷ್ಟು ಹೊತ್ತಿಗೆ ಬಿಡುವು?