ಕನ್ನಡದ ಕೀಲಿಗೆ ಕಾವಲುಗಾರನ ತಡೆ

ಕುಸನೂರಿನ ಒಂದು ಮನೆ ಎಂದುಕೊಳ್ಳಿ. ಬೆಳಗಾದರೆ ಮಗಳು ಕನ್ನಡದಲ್ಲಿ ಟೈಪ್ ಮಾಡಿದ ಪ್ರಾಜೆಕ್ಟ್ ಒಪ್ಪಿಸಬೇಕು. ‘ನುಡಿ’ ತಂತ್ರಾಂಶ ಹಾಕಲು ಹೊರಟರೆ ಅರ್ಧಕ್ಕೇ ನಿಲ್ಲುತ್ತದೆ. ಪರದೆಯ ಮೂಲೆಯಲ್ಲಿ ಅಪಾಯದ ಸೂಚನೆ. “ಆ ಆಂಟಿವೈರಸ್ಸನ್ನೇ ತೆಗೆದು ಹಾಕವ್ವ” ಎನ್ನುತ್ತಾರೆ ಅಪ್ಪ. ಅವಸರ ಬೇಡ.

ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’ ಮುಂತಾದವು ನೀವು ಒತ್ತುವ ಪ್ರತಿ ಕೀಲಿಯನ್ನೂ ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿಸುತ್ತವೆ. ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಕೀಲಿಗಳಿಗೇ ಕಿವಿಗೊಟ್ಟಿರುತ್ತದೆ. ನಡತೆ ನೋಡಿ ತೀರ್ಮಾನಿಸುವ ಆಂಟಿವೈರಸ್‌ಗೆ ಕಳ್ಳನೂ ಸಾಧುವೂ ಒಂದೇ ಆಗಿ ಕಂಡರೆ ಆಶ್ಚರ್ಯವಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಕಡತವನ್ನೇ ವೈರಸ್ ಎಂದು ಬಗೆದು ಎಷ್ಟೋ ಕಂಪ್ಯೂಟರುಗಳನ್ನು ಕೆಡಿಸಿತ್ತು!

ಎರಡು ಆಂಟಿವೈರಸ್ ಇದ್ದರೆ ರಕ್ಷಣೆ ಇಮ್ಮಡಿ ಎಂಬುದೂ ಭ್ರಮೆ. ತೆರೆದ ಕಡತವನ್ನು ಎರಡೂ ಒಮ್ಮೆಗೇ ಪರೀಕ್ಷಿಸಲು ಹೋಗಿ, ಹೊಸ ತಂತ್ರಾಂಶಕ್ಕೆ ಅದು ದಕ್ಕದೆ ಹೋಗಬಹುದು. ಅಂಗಡಿಯವರು ಹಾಕಿಕೊಟ್ಟು, ಅವಧಿ ತೀರಿದ್ದೊಂದು ಉಳಿದಿದ್ದರೆ ಅದನ್ನು ತೆಗೆದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

ಕಡತ ಬಂದದ್ದೆಲ್ಲಿಂದ? ಗೆಳೆಯರ ಪೆನ್‌ಡ್ರೈವ್‌ನಿಂದಾದರೆ ಎಚ್ಚರಿಕೆಯನ್ನು ನಂಬಿ, ಅಳಿಸಿಬಿಡಿ. ತಯಾರಕರದೇ ತಾಣದಿಂದ ಹೊಸದಾಗಿ ಇಳಿಸಿಕೊಂಡು, ಆಂಟಿವೈರಸ್ ಅಪ್‌ಡೇಟ್ ಮಾಡಿ, ಅಡ್ಮಿನಿಸ್ಟ್ರೇಟರ್ ಅನುಮತಿಯೊಂದಿಗೆ ಮತ್ತೆ ಪ್ರಯತ್ನಿಸಿ. ಆಗಲೂ ತಡೆದರೆ ಆ ಒಂದು ಕಡತಕ್ಕಷ್ಟೇ ವಿನಾಯಿತಿ ಕೊಡಿ, ಕಾವಲನ್ನೇ ಕಿತ್ತೊಗೆಯಬೇಡಿ.

ರಾತ್ರಿ ಹೊತ್ತು ಮೀರಿತೇ? ವಿಂಡೋಸ್ 10, 11ರಲ್ಲಿ ಕನ್ನಡದ ಕೀಲಿಮಣೆ ಮೊದಲೇ ಇದೆ. ಸೆಟ್ಟಿಂಗ್ಸ್‌ನ ಭಾಷೆಯ ಪುಟದಲ್ಲಿ ಕನ್ನಡವನ್ನು ಸೇರಿಸಿಕೊಂಡರಾಯಿತು, ಮಗಳು ಟೈಪಿಂಗ್ ಶುರು ಮಾಡಬಹುದು.