ಮೊದಲ ವರ್ಷಕ್ಕೇ ಪ್ರಾಜೆಕ್ಟ್: ವಿಷಯ ಹುಡುಕೋಕೆ ನಾಗಸಂದ್ರ ದಾಟಬೇಕಿಲ್ಲ

ನಾಗಸಂದ್ರ: ಪಿಯುಸಿ ಮುಗಿಸಿ ಕಾಲೇಜು ಮೆಟ್ಟಿಲು ಹತ್ತಿದ ಕೆಲವೇ ತಿಂಗಳಲ್ಲಿ ಮಕ್ಕಳ ತಲೆ ಮೇಲೆ ‘ಪ್ರಾಜೆಕ್ಟ್’ ಬಂದು ಕೂರುತ್ತದೆ. ವಿಷಯ ನೀವೇ ಆರಿಸಿ, ಮಾಹಿತಿ ನೀವೇ ಕಲೆಹಾಕಿ, ವರದಿ ನೀವೇ ಬರೆಯಿರಿ ಅಂತ ಹೇಳಿ ಮೇಷ್ಟ್ರು ಹೊರಟುಬಿಡುತ್ತಾರೆ. ಹನ್ನೆರಡು ವರ್ಷ ಬೇರೆಯವರು ಕೊಟ್ಟ ಪ್ರಶ್ನೆಗೆ ಉತ್ತರ ಬರೆದವರಿಗೆ ಪ್ರಶ್ನೆಯನ್ನೂ ತಾವೇ ಹುಡುಕಬೇಕು ಅಂದರೆ ಕಕ್ಕಾಬಿಕ್ಕಿ. ಅಲ್ಲಿಂದ ದಾರಿ ಸೀದಾ ಸೀನಿಯರ್‌ಗಳ ಪೆನ್‌ಡ್ರೈವ್‌ಗೆ, ಇಲ್ಲವೇ ರೆಡಿಮೇಡ್ ವರದಿ ಮಾರುವವರ ಹತ್ತಿರ.

ಮೊದಲ ವರ್ಷಕ್ಕೇ ಇದೆಲ್ಲ ಯಾಕೆ ಅನ್ನೋದು ಪೋಷಕರ ಪ್ರಶ್ನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2022ರ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷಕ್ಕೇ ‘ಇನ್ನೋವೇಶನ್ ಅಂಡ್ ಡಿಸೈನ್ ಥಿಂಕಿಂಗ್’ ಇಟ್ಟಿತು. ಕ್ರೆಡಿಟ್ ಒಂದೇ ಆದರೂ ಕೆಲಸ ಬೇರೆ ಥರದ್ದು: ಜನರ ಸಮಸ್ಯೆ ನೋಡಿ, ಪರಿಹಾರದ ಮಾದರಿ ಮಾಡಿ, ಪರೀಕ್ಷಿಸಬೇಕು. ಯಲಹಂಕದ ಸೃಷ್ಟಿ ಕಲೆ ಮತ್ತು ವಿನ್ಯಾಸ ಸಂಸ್ಥೆಯಲ್ಲಿ ಮೊದಲ ವರ್ಷವೇ ಬುನಾದಿ ವರ್ಷ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಶುರು ಮಾಡಿದ ನಾಲ್ಕು ವರ್ಷದ ಪದವಿಯಲ್ಲಿ ಮೊದಲು ಎಲ್ಲರಿಗೂ ಎಲ್ಲ ವಿಜ್ಞಾನಗಳ ಅಡಿಪಾಯ, ಕೊನೆಯ ವರ್ಷ ಸಂಶೋಧನೆ.

ರಾಜ್ಯದ ವಿಶ್ವವಿದ್ಯಾಲಯಗಳ ಸಾಮಾನ್ಯ ಪದವಿಯ ಕಥೆ ಮಾತ್ರ ಬೇರೆ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಸಂಶೋಧನೆಗೆ ಅಂತಲೇ ಇದ್ದ ನಾಲ್ಕನೇ ವರ್ಷ ಕೈಬಿಟ್ಟಿತು. ಬಿಎ, ಬಿಕಾಂ, ಬಿಎಸ್ಸಿ ಓದುವವರಿಗೆ ಸ್ವಂತವಾಗಿ ಏನಾದರೂ ಹುಡುಕಿ ನೋಡುವ ಅವಕಾಶ ಅಂದರೆ ಈಗ ಇಂಥ ಸಣ್ಣ ಪ್ರಾಜೆಕ್ಟ್‌ಗಳೇ. ಅದನ್ನೂ ದುಡ್ಡು ಕೊಟ್ಟು ಕೊಂಡರೆ ಉಳಿಯೋದೇನು?

ಹೆಚ್ಚಿನ ಪ್ರಾಜೆಕ್ಟ್ ಎಡವುವುದು ಶೀರ್ಷಿಕೆಯಲ್ಲೇ. ‘ಬೆಂಗಳೂರಿನ ಸಂಚಾರ ಸಮಸ್ಯೆ’ ಅಂತ ಬರೆದರೆ ಅದು ಪ್ರಶ್ನೆಯಲ್ಲ, ಗೋಳು. ಇಬ್ಬರು ವಿದ್ಯಾರ್ಥಿಗಳು ಎರಡು ವಾರದಲ್ಲಿ ಉತ್ತರ ಕಂಡುಕೊಳ್ಳುವಷ್ಟು ಅದನ್ನು ಕುಗ್ಗಿಸಬೇಕು.

ನಮ್ಮ ಮೆಟ್ರೋ ನಿಲ್ದಾಣವನ್ನೇ ತೆಗೆದುಕೊಳ್ಳಿ. 2015ರ ಮೇ 1ರಂದು ನಾಗಸಂದ್ರಕ್ಕೆ ರೈಲು ಬಂದಾಗ ಹಸಿರು ಮಾರ್ಗದ ಕೊನೆ ನಿಲ್ದಾಣ ಇದೇ. 2024ರ ನವೆಂಬರ್ 7ರಂದು ಮಾರ್ಗ ಮಾದಾವರದವರೆಗೆ ಹೋಯಿತು. ಇಲ್ಲಿ ಇಳಿದು ನೆಲಮಂಗಲದ ಕಡೆ ಆಟೋ, ಬಸ್ ಹಿಡಿಯುತ್ತಿದ್ದವರಲ್ಲಿ ಎಷ್ಟೋ ಜನ ಈಗ ಮುಂದೆ ಹೋಗಿ ಇಳಿಯಬಹುದು. ಹಾಗಾದರೆ ನಾಗಸಂದ್ರ ಸ್ಟ್ಯಾಂಡಿನ ಆಟೋದವರ ಬಾಡಿಗೆ ಕಡಿಮೆಯಾಯಿತಾ? ಬಿಕಾಂ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಾ!

ಆದರೆ ಒಂದು ತೊಡಕಿದೆ. ಮೊದಲು ಎಷ್ಟು ಬಾಡಿಗೆ ಆಗುತ್ತಿತ್ತು ಅನ್ನೋದನ್ನ ಆಗಲೇ ಎಣಿಸಿಟ್ಟ ಲೆಕ್ಕ ಕೈಯಲ್ಲಿಲ್ಲದಿದ್ದರೆ ‘ಕಡಿಮೆಯಾಯಿತು’ ಅನ್ನೋಕೆ ಆಧಾರ ಚಾಲಕರ ನೆನಪು ಮಾತ್ರ. ನೆನಪು ತಪ್ಪಬಹುದು, ಕಷ್ಟ ಹೇಳಿಕೊಳ್ಳುವಾಗ ಹಿಂದಿನದು ಇನ್ನೂ ಚೆನ್ನಾಗಿ ಕಾಣಬಹುದು. ಆಗ ಪ್ರಶ್ನೆಯನ್ನೇ ತಿರುಗಿಸಬೇಕು: ಒಂದೇ ದಿನ, ಸಂಜೆ 6ರಿಂದ 7ರೊಳಗೆ, ನಾಗಸಂದ್ರ ಮತ್ತು ಮಾದಾವರದ ಹೊರಗೆ ಎಷ್ಟು ಆಟೋ ತುಂಬಿ ಹೊರಟವು? ಇಬ್ಬರು, ಎರಡು ಕಡೆ, ನಾಲ್ಕು ದಿನ. ಮಳೆ ಬಂದರೆ, ಹಬ್ಬವಿದ್ದರೆ ಅದನ್ನೂ ಬರೆದಿಡಬೇಕು. ‘ಈ ನಾಲ್ಕು ದಿನ ಹೀಗಿತ್ತು’ ಅನ್ನೋದಷ್ಟೇ ಉತ್ತರ. ಅಷ್ಟು ಸಾಕು. ಚಾಲಕರ ಹತ್ತಿರ ಮಾತಾಡುವಾಗ ಯಾಕೆ ಕೇಳುತ್ತಿದ್ದೀರಿ ಅಂತ ಮೊದಲೇ ಹೇಳಿ, ಹೆಸರು, ಗಾಡಿ ನಂಬರ್ ಬರೆದುಕೊಳ್ಳದಿರುವುದು ಒಳ್ಳೆಯದು.

ವಿಜ್ಞಾನದವರಿಗೆ ನೀರಿದೆ. ಬೋರ್‌ವೆಲ್ ನೀರಿಗೆ ಟಿಡಿಎಸ್ ಮೀಟರ್ ಅದ್ದಿ, 500ರ ಒಳಗಿದೆ, ಆದ್ದರಿಂದ ಕುಡಿಯಲು ಸುರಕ್ಷಿತ ಅಂತ ಮುಗಿಸಿಬಿಡುವ ಆಸೆ ಸಹಜ. ಪಕ್ಕದ ಪೀಣ್ಯದ ಮಟ್ಟಿಗೆ ಇದು ಅಪಾಯದ ತೀರ್ಮಾನ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಈಗಾಗಲೇ ದಾಖಲಾಗಿದೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯನೀರು ಅದರ ಮುಖ್ಯ ಕಾರಣಗಳಲ್ಲೊಂದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಕ್ರೋಮಿಯಂ 0.05 ಮಿಲಿಗ್ರಾಂ ದಾಟಬಾರದು. ಕೈಯಲ್ಲಿ ಹಿಡಿಯುವ ಸಾಮಾನ್ಯ ಮೀಟರ್ ತೋರಿಸುವ ಅತಿ ಸಣ್ಣ ಅಂಕಿಯೇ 1. ಇಪ್ಪತ್ತರಲ್ಲಿ ಒಂದು ಪಾಲು ಅದಕ್ಕೆ ಕಾಣುವುದು ಹೇಗೆ? ಮೀಟರಿನಲ್ಲಿ 300 ತೋರಿಸಿದ ನೀರಿನಲ್ಲೂ ಕ್ರೋಮಿಯಂ ಮಿತಿ ಮೀರಿರಬಹುದು.

ಕಾಲೇಜು ಲ್ಯಾಬಿನಲ್ಲೇ ಮಾಡಬಹುದಾದ್ದು ನೀರಿನ ಗಡಸುತನದ ಟೈಟ್ರೇಶನ್. ಅದಕ್ಕೆ ಮಾನಕದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 600. ಒಂದೇ ರಸ್ತೆಯ ಐದು ಬೋರ್‌ವೆಲ್, ಪ್ರತಿಯೊಂದಕ್ಕೂ ಮೂರು ಸಲ ಪರೀಕ್ಷೆ, ಆಳ ಎಷ್ಟು ಅಂತ ಮನೆಯವರ ಹತ್ತಿರ ಕೇಳಿ ಬರೆದುಕೊಂಡರೆ ಚೆಂದದ ಪ್ರಾಜೆಕ್ಟ್. ಆದರೆ ‘ಗಡಸುತನ ಮಾತ್ರ ಅಳೆದಿದ್ದೇವೆ, ಕ್ರೋಮಿಯಂ ಅಳೆದಿಲ್ಲ’ ಅನ್ನೋ ಸಾಲು ವರದಿಯ ಮೊದಲ ಪುಟದಲ್ಲೇ ಇರಲಿ. ನೀರು ಕೊಟ್ಟ ಮನೆಯವರು ಓದುವುದು ಆ ಪುಟವನ್ನೇ.

ಕೊಂಡ ವರದಿ ಸಿಕ್ಕಿಬೀಳುವುದು ವೈವಾದಲ್ಲಿ. ‘ಮೂರನೇ ಬೋರ್‌ವೆಲ್ ಯಾರ ಮನೆಯದು, ಎರಡನೇ ಸಲ ಅಂಕಿ ಯಾಕೆ ಬೇರೆ ಬಂತು’ ಅಂತ ಕೇಳಿದರೆ ಎಐ ಬರೆದುಕೊಟ್ಟ ಪುಟದಲ್ಲಿ ಉತ್ತರ ಇರುವುದಿಲ್ಲ. ತಾರೀಖು ಹಾಕಿ, ತಪ್ಪಾದ ಅಂಕಿಯನ್ನು ಅಳಿಸದೆ ಅಡ್ಡಗೆರೆ ಎಳೆದು ಬಿಟ್ಟ ನೋಟ್‌ಬುಕ್ ಒಂದಿದ್ದರೆ ಮೇಷ್ಟ್ರೂ ಹೆಚ್ಚು ಕೆದಕುವುದಿಲ್ಲ. ಮೊದಲ ವಾರದಲ್ಲೇ ಆ ನೋಟ್‌ಬುಕ್ ಅವರಿಗೆ ತೋರಿಸಿ, ಪ್ರಶ್ನೆ ಇನ್ನೂ ದೊಡ್ಡದಾಗಿದೆಯಾ ಅಂತ ಕೇಳಿದರೆ ಉಳಿದ ವಾರಗಳ ಓಡಾಟ ಅರ್ಧ ಉಳಿಯುತ್ತದೆ.